ಓಡದ ಟೆಸ್ಟಿಗೂ ಹಸಿರು ದೀಪ: ಒಂದು ಟೆಸ್ಟ್ ರನ್ನರ್ ಕಟ್ಟಿದ ಕಥೆ

(ಪುಣೆಯಲ್ಲಿ ಆಡಿದ ಮಾತಿನ ಬರಹರೂಪ. ಸ್ಕ್ರೀನ್ ತೋರಿಸಿ ಹೇಳಿದ ಕಡೆ ಒಂದೆರಡು ವಾಕ್ಯ ಸೇರಿಸಿದೆ. ಉಳಿದದ್ದು ಆಡಿದ ಹಾಗೆಯೇ ಇದೆ.)

ಹಿಂದೆ ಕೂತವರಿಗೆ ಕೇಳಸ್ತದಲ್ರಿ? ಸರಿ.

ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ಆಫೀಸಿನಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್. ಸಾಫ್ಟ್‌ವೇರ್ ಟೆಸ್ಟಿಂಗ್ ಬಗ್ಗೆ ಕನ್ನಡದಲ್ಲಿ ನಿಂತು ಮಾತಾಡ್ತಿರೋದು ಇದೇ ಮೊದಲು. ನಡುವೆ ತಡವರಿಸಿದರೆ ಹೊಟ್ಟೆಗೆ ಹಾಕ್ಕೊಳ್ರಿ.

ಕೆಲವು ವರ್ಷಗಳ ಹಿಂದೆ ನಾನಿದ್ದ ಕಂಪನಿ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ಬಿಲ್ ಮಾಡುವ ಸಾಫ್ಟ್‌ವೇರ್ ಬರೀತಿತ್ತು. ರೈತ ಕಬ್ಬು ಕಳಿಸ್ತಾನೆ, ತೂಕ ಆಗ್ತದೆ, ಟನ್ನಿಗೆ ಇಷ್ಟು ಅಂತ ದರ, ಅದರಲ್ಲಿ ಸೊಸೈಟಿ ಸಾಲದ ಕಂತು ಕಳೆದು ಉಳಿದದ್ದು ಬ್ಯಾಂಕ್ ಖಾತೆಗೆ. ಒಂದು ಹಂಗಾಮಿನಲ್ಲಿ, ಎರಡು ಕಡೆ ಹೊಲ ಇದ್ದ ರೈತರಿಗೆ ಆ ಕಂತು ಎರಡು ಸಲ ಕಳೀತು. ನಾವು ಸ್ಕ್ರೀನ್ ಮೇಲೆ ನೋಡುವಾಗ ಅದು ಒಂದು ಸಾಲು ಅಷ್ಟೇ. ಮನೆಯಲ್ಲಿ ಮದುವೆ ಇಟ್ಟುಕೊಂಡು ಬಿಲ್ ಕಾಯ್ತಾ ಕೂತವನಿಗೆ ಹಾಗಲ್ಲ. ಒಬ್ಬ ರೈತರು ಪಾಸ್‌ಬುಕ್ ಹಿಡಿದು ಕಾರ್ಖಾನೆಗೆ ಬಂದು ಕೂತ ಮೇಲೆ ನಮಗೆ ಗೊತ್ತಾಗಿದ್ದು.

ಆ ಭಾಗ ಬರೆದವಳು ನಮ್ಮ ಟೀಮಿನ ಹೊಸ ಹುಡುಗಿ. ನಾನು ಎಲ್ಲರ ಎದುರಿಗೆ ಕೇಳಿಬಿಟ್ಟೆ: “ಇದಕ್ಕೆ ಒಂದು ಟೆಸ್ಟ್ ಬರೀಬೇಕು ಅಂತ ಅನ್ನಿಸಲೇ ಇಲ್ಲವಾ ನಿನಗೆ?” ಆಕೆ ಏನೂ ಮಾತಾಡದೆ ಲ್ಯಾಪ್‌ಟಾಪ್ ತಿರುಗಿಸಿದಳು. ಟೆಸ್ಟ್ ಇತ್ತು. ಎರಡು ಹೊಲ, ಒಬ್ಬ ರೈತ, ಒಂದೇ ಕಂತು ಕಳೀಬೇಕು ಅಂತ ಸ್ಪಷ್ಟವಾಗಿ ಬರೆದಿದ್ದಳು. ಆಮೇಲೆ ಇನ್ಯಾರೋ ಕೋಡ್ ಬದಲಿಸಿದ್ದರು. ಟೆಸ್ಟ್ ಓಡಿದ್ದರೆ ಅವತ್ತೇ ಕೆಂಪಾಗ್ತಿತ್ತು. ಆದರೆ ಆ ಟೆಸ್ಟ್ ನಾಲ್ಕು ತಿಂಗಳಲ್ಲಿ ನಮ್ಮ ಸರ್ವರ್ ಮೇಲೆ ಒಂದು ಸಲವೂ ಓಡಿರಲಿಲ್ಲ. ಸರ್ವರ್ ಸೆಟಪ್ ಮಾಡಿದವನು ಯಾರು? ನಾನೇ.

ಯಾಕೆ ಓಡಲಿಲ್ಲ? ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್‌ಗೆ ‘ಡಿಸ್ಕವರ್’ ಅಂತ ಒಂದು ಕಮಾಂಡ್ ಇದೆ. ಹೆಸರು ‘ಟೆಸ್ಟ್’ ಅಂತ ಶುರುವಾಗುವ ಪೈಥಾನ್ ಫೈಲುಗಳನ್ನ ತಾನೇ ಹುಡುಕಿ ಓಡಸ್ತದೆ. ಆದರೆ ಒಳಗಿನ ಫೋಲ್ಡರಿಗೆ ಇಳೀಬೇಕಾದರೆ ಅದರಲ್ಲಿ ‘ಇನಿಟ್’ ಅನ್ನುವ ಫೈಲ್ ಇರಬೇಕು, ಖಾಲಿ ಇದ್ದರೂ ನಡೀತದೆ. ಇಲ್ಲದಿದ್ದರೆ ಆ ಫೋಲ್ಡರನ್ನ ದಾಟಿ ಮುಂದೆ ಹೋಗ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಆಕೆ ‘ಕಡಿತ’ ಅಂತ ಹೊಸ ಫೋಲ್ಡರ್ ಮಾಡಿ ಅದರಲ್ಲಿ ಬರೆದಿದ್ದಳು, ಆ ಖಾಲಿ ಫೈಲ್ ಇಟ್ಟಿರಲಿಲ್ಲ. ಅವಳ ಮಷೀನಿನಲ್ಲಿ ಆ ಒಂದು ಫೈಲನ್ನೇ ಹೆಸರು ಹಿಡಿದು ಓಡಿಸ್ತಿದ್ದಳು, ಪಾಸ್ ಆಗ್ತಿತ್ತು. ಸರ್ವರ್ ಮೇಲೆ ಉಳಿದ ಟೆಸ್ಟುಗಳು ಓಡಿ ಕೊನೆಗೆ ‘ಓಕೆ’ ಅಂತ ಬೀಳ್ತಿತ್ತು. ನಾಲ್ಕು ತಿಂಗಳು ಹಸಿರು ದೀಪ.

ಆ ಸಂಜೆ ಆಕೆಗೆ ಸಾರಿ ಹೇಳಿದೆ, ಅದೂ ಎಲ್ಲರ ಎದುರಿಗೇ. ಮುಂದಿನ ಶನಿವಾರದಿಂದ ನಮ್ಮದೇ ಒಂದು ಟೂಲ್ ಬರೆಯೋಕೆ ಕೂತೆ. ಪೈಟೆಸ್ಟ್ ಇರುವಾಗ ಇದೆಲ್ಲ ಯಾಕೆ ಅಂತ ಈಗಲೇ ಕೆಲವರ ಮುಖದಲ್ಲಿ ಕಾಣಸ್ತಿದೆ. ಕೊನೆಗೆ ಬರ್ತೀನಿ ಅದಕ್ಕೆ.

ಶುರುವಿನಲ್ಲಿ ಎರಡು ತಾಸಿನ ಕೆಲಸ ಅಂದುಕೊಂಡಿದ್ದೆ. ಫೋಲ್ಡರ್ ಫೋಲ್ಡರ್ ತಿರುಗು, ಫೈಲ್ ಹುಡುಕು, ಇಂಪೋರ್ಟ್ ಮಾಡು, ‘ಟೆಸ್ಟ್ ಅಂಡರ್‌ಸ್ಕೋರ್’ ಅಂತ ಶುರುವಾಗುವ ಫಂಕ್ಷನ್ ಕರೆ, ಎಕ್ಸೆಪ್ಶನ್ ಬಂದರೆ ಫೇಲ್. ನಲವತ್ತು ಸಾಲಿನ ಕೋಡ್. ಎರಡು ತಾಸಿನಲ್ಲಿ ನಿಜವಾಗಿಯೂ ಮುಗೀತು. ಆಮೇಲೆ ಅದನ್ನ ನಂಬಬಹುದಾ ಅಂತ ನೋಡೋಕೆ ಬೇಕಂತಲೇ ಅದಕ್ಕೆ ಮೋಸ ಮಾಡೋಕೆ ಶುರು ಮಾಡಿದೆ. ಅಲ್ಲಿಂದ ಮುಂದೆ ಎರಡು ತಿಂಗಳು ಹಿಡೀತು.

ಮೊದಲನೇ ಮೋಸ. ಎರಡು ಬೇರೆ ಬೇರೆ ಫೋಲ್ಡರಿನಲ್ಲಿ ಒಂದೇ ಹೆಸರಿನ ಟೆಸ್ಟ್ ಫೈಲ್. ಪೈಥಾನ್ ಒಂದು ಸಲ ಇಂಪೋರ್ಟ್ ಮಾಡಿದ್ದನ್ನ ಹೆಸರಿನ ಮೇಲೆ ನೆನಪಿಟ್ಟುಕೊಳ್ತದೆ. ಎರಡನೇ ಸಲ ಅದೇ ಹೆಸರು ಕೇಳಿದರೆ ಮೊದಲಿನದ್ದನ್ನೇ ಕೈಗೆ ಕೊಡ್ತದೆ. ಹಾಗಾಗಿ ನನ್ನ ಟೂಲ್ ಮೊದಲನೇ ಫೈಲಿನ ಟೆಸ್ಟುಗಳನ್ನ ಎರಡು ಸಲ ಓಡಿಸಿ, ಎರಡನೆಯದನ್ನ ಮುಟ್ಟಲೇ ಇಲ್ಲ. ಒಟ್ಟು ಲೆಕ್ಕ ಮಾತ್ರ ಸರಿ ಕಾಣ್ತಿತ್ತು, ಯಾಕಂದರೆ ಎರಡರಲ್ಲೂ ಐದೈದೇ ಟೆಸ್ಟ್ ಇದ್ದವು! ಫೈಲಿನ ಪೂರ್ತಿ ದಾರಿಯನ್ನೇ ಮಾಡ್ಯೂಲಿನ ಹೆಸರಾಗಿ ಮಾಡಿ ಇದನ್ನ ಸರಿ ಮಾಡಿದೆ.

ಇನ್ನೊಂದು, ಇದು ನಿಮ್ಮ ಕೋಡಿನಲ್ಲೂ ಇರಬಹುದು, ಮನೆಗೆ ಹೋಗಿ ನೋಡ್ರಿ. ಒಂದೇ ಫೈಲಿನಲ್ಲಿ ಒಂದು ಟೆಸ್ಟನ್ನ ಕಾಪಿ ಹೊಡೆದು ಕೆಳಗೆ ಹಾಕ್ತೀವಿ, ಒಳಗಿನದ್ದು ಬದಲಿಸ್ತೀವಿ, ಹೆಸರು ಬದಲಿಸೋದು ಮರೀತೀವಿ. ಪೈಥಾನಿಗೆ ಇದರಲ್ಲಿ ಯಾವ ತಕರಾರೂ ಇಲ್ಲ. ಎರಡನೆಯದು ಮೊದಲನೆಯದನ್ನ ನುಂಗ್ತದೆ. ಇಂಪೋರ್ಟ್ ಮಾಡಿದ ಮೇಲೆ ಹುಡುಕಿದರೆ ಮೊದಲನೆಯದರ ಗುರುತೂ ಸಿಗಲ್ಲ. ಅದಕ್ಕೇ ನನ್ನ ಟೂಲ್ ಇಂಪೋರ್ಟ್ ಮಾಡೋ ಮುಂಚೆ ಫೈಲನ್ನ ಬರೀ ಪಠ್ಯ ಅಂತ ಓದಿ, ಪೈಥಾನಿನ ‘ಎಎಸ್‌ಟಿ’ ಮಾಡ್ಯೂಲಿನಿಂದ ಅದನ್ನ ಬಿಡಿಸಿ, ಒಳಗೆ ಎಷ್ಟು ಟೆಸ್ಟ್ ಬರೆದಿದ್ದಾರೆ ಅಂತ ಎಣಿಸ್ತದೆ. ಬರೆದದ್ದು ಹನ್ನೆರಡು, ಸಿಕ್ಕದ್ದು ಹನ್ನೊಂದು ಅಂದರೆ ಅಲ್ಲೇ ನಿಲ್ತದೆ. ನಮ್ಮ ಹಳೇ ಕೋಡಿನ ಮೇಲೆ ಓಡಿಸಿದ ಮೊದಲ ದಿನವೇ ಇಂಥವು ಮೂರು ಸಿಕ್ಕವು. ಅದರಲ್ಲಿ ಎರಡು ನಾನೇ ಬರೆದದ್ದು.

ಈಗ ಎಕ್ಸಿಟ್ ಕೋಡ್. ಪ್ರೋಗ್ರಾಂ ಮುಗಿಯುವಾಗ ಒಂದು ಸಂಖ್ಯೆ ಬಿಟ್ಟು ಹೋಗ್ತದೆ. ಸೊನ್ನೆ ಅಂದರೆ ಸರಿ, ಬೇರೆ ಏನಿದ್ದರೂ ತಪ್ಪು. ಸರ್ವರ್ ನೋಡೋದು ಇದೊಂದನ್ನೇ, ನೀವು ಬಣ್ಣ ಬಣ್ಣದಲ್ಲಿ ಪ್ರಿಂಟ್ ಮಾಡಿದ್ದನ್ನ ಅದು ಓದಲ್ಲ. ನಾನು ಜಾಣತನ ಮಾಡಿ, ಎಷ್ಟು ಟೆಸ್ಟ್ ಫೇಲ್ ಆದವೋ ಅದೇ ಸಂಖ್ಯೆಯನ್ನ ಎಕ್ಸಿಟ್ ಕೋಡ್ ಮಾಡಿದೆ. ಚಂದ ಅಲ್ವಾ? ಲಿನಕ್ಸ್‌ನಲ್ಲಿ ಆ ಸಂಖ್ಯೆಗೆ ಇರೋದು ಎಂಟು ಬಿಟ್ ಜಾಗ. 255ರ ತನಕ ಸರಿ. 256 ಟೆಸ್ಟ್ ಫೇಲ್ ಆದರೆ ಅದು ಸುತ್ತಿ ಬಂದು ಸೊನ್ನೆ. ಅಂದರೆ ಎಲ್ಲಾ ಸರಿ! ಈಗ ಫೇಲ್ ಒಂದಿರಲಿ ಸಾವಿರ ಇರಲಿ, ನನ್ನ ಟೂಲ್ ಕೊಡೋದು 1. ಸುಮ್ಮನೆ 1.

ಇದರ ತಮ್ಮನಂಥದ್ದು ಇನ್ನೊಂದಿದೆ. ಲಾಗ್ ಉಳೀಲಿ ಅಂತ ಟೂಲಿನ ಮುಂದೆ ಪೈಪ್ ಹಾಕಿ ‘ಟೀ’ ಕಮಾಂಡಿಗೆ ಕೊಡ್ತೀವಲ್ಲ, ಆಗ ಶೆಲ್ ನೋಡೋದು ‘ಟೀ’ ಬಿಟ್ಟ ಕೋಡನ್ನ. ಅದು ಯಾವಾಗಲೂ ಖುಷಿಯಾಗೇ ಮುಗೀತದೆ. ಬ್ಯಾಶ್‌ನಲ್ಲಿ ‘ಪೈಪ್‌ಫೇಲ್’ ಆನ್ ಮಾಡ್ಕೊಳ್ರಿ. ಇದಕ್ಕೆ ಟೂಲ್ ಏನೂ ಮಾಡೋಕಾಗಲ್ಲ.

ನನಗೆ ಬಹಳ ಕಾಡಿದ್ದು ಮಾತ್ರ ಮುಂದಿನದು. ಒಂದು ಟೆಸ್ಟ್ ಕರೆದ ಕೋಡಿನ ಆಳದಲ್ಲಿ ಯಾರೋ ‘ಸಿಸ್ ಡಾಟ್ ಎಕ್ಸಿಟ್, ಸೊನ್ನೆ’ ಅಂತ ಬರೆದಿದ್ದರು. ಪೈಥಾನಿನಲ್ಲಿ ಅದು ಒಂದು ಎಕ್ಸೆಪ್ಶನ್ನೇ, ಆದರೆ ಮಾಮೂಲಿ ‘ಎಕ್ಸೆಪ್ಶನ್’ ಕುಟುಂಬಕ್ಕೆ ಸೇರಿದ್ದಲ್ಲ. ನಾವೆಲ್ಲ ಬರೆಯುವ ಸಾಧಾರಣ ಬಲೆಯಿಂದ ಅದು ನುಸುಳಿ ಹೋಗ್ತದೆ. ಟೂಲ್ ಅರ್ಧದಲ್ಲೇ ಮುಗೀತು, ಕೋಡ್ ಸೊನ್ನೆ, ದೀಪ ಹಸಿರು. ಬಲೆ ಬಿಗಿ ಮಾಡಿದರೆ ಇದು ಸಿಗ್ತದೆ. ಆದರೆ ‘ಓಎಸ್ ಡಾಟ್ ಅಂಡರ್‌ಸ್ಕೋರ್ ಎಕ್ಸಿಟ್’ ಅಂತ ಇದರ ಅಣ್ಣ ಒಬ್ಬ ಇದ್ದಾನೆ, ಅವನು ಯಾವ ಬಲೆಗೂ ಸಿಗಲ್ಲ, ಪ್ರೊಸೆಸ್ಸನ್ನೇ ಮುಗಿಸಿಬಿಡ್ತಾನೆ.

ಇದಕ್ಕೆ ಉತ್ತರ ಸಿಕ್ಕಿದ್ದು ಹಳೇ ಕಾಲದ ಪರ್ಲ್‌ನಲ್ಲಿ. ಲ್ಯಾರಿ ವಾಲ್ 1987ರಲ್ಲಿ ಪರ್ಲ್ ಬಿಟ್ಟಾಗಲೇ ಅದರ ಟೆಸ್ಟುಗಳು ಮೊದಲ ಸಾಲಿನಲ್ಲಿ ‘ಒಂದರಿಂದ ಇಷ್ಟರ ತನಕ’ ಅಂತ ಹೇಳಿ, ಆಮೇಲೆ ಒಂದೊಂದಕ್ಕೂ ‘ಓಕೆ 1’, ‘ಓಕೆ 2’ ಅಂತ ಪ್ರಿಂಟ್ ಮಾಡ್ತಿದ್ದವು. ಅದೇ ಮುಂದೆ ಟೆಸ್ಟ್ ಎನಿಥಿಂಗ್ ಪ್ರೊಟೊಕಾಲ್ ಆಯ್ತು. ಮೊದಲೇ ಹನ್ನೆರಡು ಅಂತ ಹೇಳಿ ಏಳಕ್ಕೆ ಸತ್ತರೆ, ಐದು ಎಲ್ಲಿ ಅಂತ ಹೊರಗೆ ನಿಂತವನು ಕೇಳಬಹುದು. ಪಂಕ್ತಿಯಲ್ಲಿ ಎಲೆ ಹಾಕುವಾಗಲೇ ಎಣಿಸಿಕೊಳ್ಳೋ ಹಾಗೆ. ನಾನೂ ಅದನ್ನೇ ಮಾಡಿದೆ. ಪ್ರತಿ ಫೈಲಿಗೆ ಬೇರೆ ಪ್ರೊಸೆಸ್. ಅದು ಮೊದಲು ಎಣಿಕೆ ಹೇಳಬೇಕು, ಆಮೇಲೆ ಒಂದೊಂದೇ ಫಲಿತಾಂಶ. ಲೆಕ್ಕ ತಾಳೆ ಆಗದಿದ್ದರೆ ಅದು ಯಾವ ಕೋಡ್ ಬಿಟ್ಟು ಹೋಗಿದ್ದರೂ ನಾನು ಕೇಳಲ್ಲ, ಫೇಲ್. ಸ್ವಲ್ಪ ನಿಧಾನ ಆಯ್ತು, ಹೌದು. ಪರವಾಗಿಲ್ಲ ಅನ್ನಿಸ್ತು ನನಗೆ.

ಇನ್ನು ನಮ್ಮನ್ನ ಕೆಡವಿದ ಆ ಫೋಲ್ಡರ್. ಅದಕ್ಕೆ ಎರಡು ಸಲ ಹುಡುಕೋದು. ಒಂದು ಸಲ ನಿಯಮದ ಪ್ರಕಾರ. ಇನ್ನೊಂದು ಸಲ ಯಾವ ನಿಯಮವೂ ಇಲ್ಲದೆ, ಡಿಸ್ಕ್ ಮೇಲೆ ಹೆಸರಿನಲ್ಲಿ ‘ಟೆಸ್ಟ್’ ಇರೋ ಪ್ರತಿ ಪೈಥಾನ್ ಫೈಲ್. ಎರಡನೇ ಪಟ್ಟಿಯಲ್ಲಿದ್ದು ಮೊದಲನೆಯದರಲ್ಲಿ ಇಲ್ಲದ್ದನ್ನ ಟೂಲ್ ‘ಅನಾಥ’ ಅಂತ ತೋರಿಸಿ ನಿಲ್ತದೆ. ಬೇಡದ ಫೈಲ್ ಆಗಿದ್ದರೆ ಬೇಡ ಅಂತ ಹೆಸರು ಬರೆದು ಕೊಡಬೇಕು, ಸುಮ್ಮನೆ ಬಿಡೋ ಹಾಗಿಲ್ಲ. ಟೀಮಿನವರು ಮೊದಲ ವಾರ ಬಯ್ಕೊಂಡರು.

ಈಗ ಪೈಟೆಸ್ಟ್. ದಯವಿಟ್ಟು ಅದನ್ನೇ ಬಳಸ್ರಿ, ನನ್ನದನ್ನಲ್ಲ. ನಾನು ಹೇಳಿದ್ದರಲ್ಲಿ ಎಷ್ಟೋ ಅವರು ಮುಂಚೆಯೇ ಯೋಚಿಸಿದ್ದಾರೆ. ಒಂದೂ ಟೆಸ್ಟ್ ಸಿಗದಿದ್ದರೆ ಪೈಟೆಸ್ಟ್ 5 ಅನ್ನೋ ಕೋಡ್ ಬಿಡ್ತದೆ. ಪೈಥಾನ್ 3.12ರಿಂದ ಯೂನಿಟ್‌ಟೆಸ್ಟ್ ಕೂಡ ಅದೇ 5 ಕೊಡ್ತದೆ, ಅದಕ್ಕೂ ಮುಂಚೆ ಸೊನ್ನೆ ಟೆಸ್ಟ್ ಓಡಿಸಿ ‘ಓಕೆ’ ಅಂತಿತ್ತು. ಆದರೆ ನೋಡ್ರಿ, ನಮ್ಮ ಕೇಸಿನಲ್ಲಿ ಆ 5 ಕೂಡ ಉಪಯೋಗಕ್ಕೆ ಬರ್ತಿರಲಿಲ್ಲ. ಉಳಿದ ಟೆಸ್ಟ್ ಓಡ್ತಿದ್ದವಲ್ಲ. ಹಾಗಾಗಿ ಪೈಟೆಸ್ಟ್ ಬಳಸಿದರೂ ಆ ಅನಾಥ ಫೈಲ್ ಹುಡುಕೋ ಮೂವತ್ತು ಸಾಲಿನ ಸ್ಕ್ರಿಪ್ಟ್ ಒಂದನ್ನ ಪಕ್ಕದಲ್ಲಿ ಇಟ್ಟುಕೊಳ್ರಿ.

ಪ್ರಶ್ನೆ ಇದ್ದರೆ ಕೇಳಿ. ಹಾ, ನೀವು... ರೈತರ ದುಡ್ಡು ಏನಾಯ್ತು ಅಂತ ಕೇಳ್ತಿದ್ದಾರೆ. ವಾಪಸ್ ಹೋಯ್ತು, ಮುಂದಿನ ಬಿಲ್ಲಿನಲ್ಲಿ ಸೇರಿಸಿ. ಆ ಬಿಲ್ ಬರೋದಕ್ಕೆ ತಡ ಆಯ್ತು. ಆ ಹುಡುಗಿ ಈಗ ಬೇರೆ ಕಂಪನಿಯಲ್ಲಿದ್ದಾಳೆ. ಟೂಲಿಗೆ ‘ಅನಾಥ’ ಅನ್ನೋ ಹೆಸರು ಕೊಟ್ಟಿದ್ದು ಅವಳೇ.