ಎಲ್ಲರಿಗೂ ಸೇರಿದ ಒಂದು ಕಾರ್ಯಾಗಾರ

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶಾಲೆಗೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಏನು ಕಾಣಿಕೆ ಕೊಡೋಣವೆಂದು ಹಳೆಯ ವಿದ್ಯಾರ್ಥಿಗಳು ನಮ್ಮನ್ನು ಕೇಳಿದರು. ಕಮಾನು, ರಂಗಮಂದಿರ, ಗಣಕಯಂತ್ರಗಳು ಎಂದು ಹಲವು ಸಲಹೆಗಳು ಬಂದವು. ಬೆಂಗಳೂರಿನಲ್ಲಿ ನೆಲೆಸಿರುವ ಕೆಲವರು "ಹ್ಯಾಕರ್‌ಸ್ಪೇಸ್ ಮಾಡೋಣ" ಎಂದರು. ಅದನ್ನು ಕೇಳಿದ ಪೋಷಕರೊಬ್ಬರು, "ಮೇಡಂ, ಬ್ಯಾಂಕಿನ ದುಡ್ಡು ಕದಿಯುವುದನ್ನು ಮಕ್ಕಳಿಗೆ ಕಲಿಸುತ್ತೀರಾ?" ಎಂದು ಗಾಬರಿಯಾದರು. ಅವರ ಆತಂಕಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿ ಮಾದರಿ ರೈಲುಗಳನ್ನು ಓಡಿಸುತ್ತಿದ್ದ ವಿದ್ಯಾರ್ಥಿಗಳ ಸಂಘವೊಂದಿತ್ತು. ಯಂತ್ರದ ಒಳಗನ್ನು ಅರಿತು ಅದನ್ನು ಹೊಸ ಬಗೆಯಲ್ಲಿ ದುಡಿಸಬಲ್ಲವನನ್ನು ಅವರು 1950ರ ದಶಕದ ಕೊನೆಯ ಹೊತ್ತಿಗೆ ಹ್ಯಾಕರ್ ಎಂದು ಕರೆಯುತ್ತಿದ್ದರು. ಕಳ್ಳತನದ ಅರ್ಥ ಆಮೇಲೆ ಅಂಟಿಕೊಂಡದ್ದು. ಇಂಥ ಆಸಕ್ತರು ಕೂಡಿ ಬಾಡಿಗೆ ಹಂಚಿಕೊಂಡು, ಉಪಕರಣಗಳನ್ನು ಒಟ್ಟಾಗಿ ಕೊಂಡು, ಒಬ್ಬರಿಗೊಬ್ಬರು ಕಲಿಸುವ ತಾಣವೇ ಹ್ಯಾಕರ್‌ಸ್ಪೇಸ್. ಬರ್ಲಿನ್ ನಗರದಲ್ಲಿ 1995ರಲ್ಲಿ ಸಿ-ಬೇಸ್, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 2007ರಲ್ಲಿ ನಾಯ್ಸ್‌ಬ್ರಿಡ್ಜ್ ಹುಟ್ಟಿದ್ದು ಹೀಗೆಯೇ. ಬೆಂಗಳೂರಿನ ಹಲಸೂರು ಮೆಟ್ರೋ ನಿಲ್ದಾಣದ ಕೆಳಗೆ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್ ಎಂಬ ಕಾರ್ಯಾಗಾರ ರೂಪುಗೊಂಡಿತು.

ಇವುಗಳಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಮೊದಲು ಜನ ಕೂಡಬೇಕು, ಅನಂತರ ಕೋಣೆ, ಕಡೆಗೆ ಯಂತ್ರ. ಯಂತ್ರದಿಂದ ಆರಂಭಿಸಿದರೆ ಉಳಿಯುವುದು ಬೀಗ ಹಾಕಿದ ಕೋಣೆ ಮಾತ್ರ. ಕೂಡುವ ದಿನವೂ ತಪ್ಪಬಾರದು. ಇದಕ್ಕೆ ನಿದರ್ಶನ ನಮ್ಮ ನೆರೆಯಲ್ಲೇ ಇದೆ. ಹಿಂದೂಪುರಕ್ಕೆ ಹೊಂದಿದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ, ಬಡ ಕುಟುಂಬದಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರವಾರವೂ ನಡೆದುಬಂದ ಆ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ಅದರ ಬಲವಿದ್ದದ್ದು ಆ ತೆರೆದ ಬಾಗಿಲಿನಲ್ಲಿ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಸ್ವಾತಂತ್ರ್ಯ ದಿನಾಚರಣೆಯ ಮುನ್ನಾದಿನ ಶಾಲೆಯ ಧ್ವನಿವರ್ಧಕ ಕೆಟ್ಟಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದನ್ನು ಬಿಚ್ಚಿ, "ಈ ತಂತಿಯ ಬೆಸುಗೆ ಬಿಟ್ಟಿದೆ, ಮೇಡಂ" ಎಂದ. ನಾವು ಕೇಳಿಸಿಕೊಳ್ಳಲಿಲ್ಲ. ಸರ್ಕಾರಿ ವಸ್ತುವನ್ನು ಮುಟ್ಟಿದ್ದಕ್ಕೆ ಗದರಿದೆವು, ಅವನ ತಂದೆಯನ್ನೂ ಕರೆಸಿದೆವು. ಮರುದಿನ ಬಂದ ರಿಪೇರಿಯವನು ಅದೇ ತಂತಿಗೆ ಬೆಸುಗೆ ಹಾಕಿ ಹಣ ಪಡೆದು ಹೋದ. ಆ ಹುಡುಗ ಮತ್ತೆಂದೂ ಪ್ರಯೋಗಾಲಯದ ವಸ್ತುವಿಗೆ ಕೈ ಹಚ್ಚಲಿಲ್ಲ. ನಮ್ಮ ಸ್ಟಾಕ್ ರಿಜಿಸ್ಟರಿನಲ್ಲಿ ಏನೂ ಮುರಿದಿರಲಿಲ್ಲ; ಮುರಿದದ್ದು ಏನೆಂದು ಬರೆಯಲು ಅದರಲ್ಲಿ ಅಂಕಣವೂ ಇರಲಿಲ್ಲ.

ಕಂಬದೂರಿನ ಮಗು ಬೀದಿಯಲ್ಲಿ ತೆಲುಗು ಕೇಳುತ್ತದೆ, ತರಗತಿಯಲ್ಲಿ ಕನ್ನಡ ಓದುತ್ತದೆ, ಯಂತ್ರದ ಮೇಲೆ ಇಂಗ್ಲಿಷ್ ಕಾಣುತ್ತದೆ. ಕನ್ನಡದಲ್ಲಿ ಓದಿದರೆ ಮುಂದೇನು ಎಂದು ಪೋಷಕರು ನಮ್ಮನ್ನು ಕೇಳುತ್ತಲೇ ಇರುತ್ತಾರೆ. ಯಂತ್ರವನ್ನು ಕೈಯಿಂದ ಬಿಚ್ಚಿ, ಕಂಡದ್ದನ್ನು ತನ್ನ ನುಡಿಯಲ್ಲಿ ಬರೆದಿಟ್ಟ ಮಗುವಿಗೆ ಇಂಗ್ಲಿಷಿನ ಕೈಪಿಡಿ ಬೆದರಿಕೆಯಾಗದು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕೊಳವೆಬಾವಿಯ ಮೋಟಾರನ್ನೇ ನಂಬಿದ ರೈತನಿಗೆ, ಸ್ಟಾರ್ಟರ್ ಕೆಟ್ಟಾಗ ದೋಷವೆಲ್ಲಿದೆ ಎಂದು ಅರಿಯುವುದು ಬದುಕಿನ ವಿದ್ಯೆ. ಊರಿನ ವೈಂಡಿಂಗ್ ಕೆಲಸಗಾರರೂ ಬಡಗಿಗಳೂ ಇಲ್ಲಿ ಗುರುಗಳಾಗಲಿ.

ಆದುದರಿಂದ ನಮ್ಮ ಕೋರಿಕೆ ಸಣ್ಣದು. ಹಳೆಯ ಕೊಠಡಿಯೊಂದು ಪ್ರತಿ ಶನಿವಾರ ಸಂಜೆ ಊರಿನವರೆಲ್ಲರಿಗೂ ತೆರೆದಿರಲಿ. ಮಲ್ಟಿಮೀಟರ್, ಬೆಸುಗೆಯ ಸಾಧನ, ಸ್ಕ್ರೂಡ್ರೈವರುಗಳು ಆರಂಭಕ್ಕೆ ಸಾಕು. ಹಿರಿಯರಿಲ್ಲದೆ ಯಾವ ಮಗುವೂ ವಿದ್ಯುತ್ ಸಂಪರ್ಕವನ್ನು ಮುಟ್ಟಬಾರದು. ಬಳಸಿದವರೇ ಗುಡಿಸಿ ಹೋಗಬೇಕು. ಹಳೆಯ ವಿದ್ಯಾರ್ಥಿಗಳು ಹಣದ ಜೊತೆಗೆ ಸರದಿಯಂತೆ ತಿಂಗಳಿಗೊಂದು ಶನಿವಾರವನ್ನೂ ಕೊಡಲಿ. ನಮ್ಮ ಪಾಲಿನದು ಬೀಗದ ಕೈ. ಅದನ್ನು ಇಂದೇ ಈ ಸಭೆಗೆ ಒಪ್ಪಿಸುತ್ತಿದ್ದೇವೆ.

ಅಂದಿನ ಆ ಹುಡುಗ ಈ ಸಭೆಯಲ್ಲಿದ್ದರೆ, ಮೊದಲ ಶನಿವಾರ ಅವನೇ ಬಾಗಿಲು ತೆರೆಯಲಿ ಎಂಬುದು ನಮ್ಮ ಆಸೆ.