ಸಿಲಿಂಡರು ಎಷ್ಟು, ಎಲ್ಲಿ?



ಬೆಂಗಳೂರಿನ ಫ್ಲಾಟುಗಳಲ್ಲಿ ಅಡುಗೆಮನೆಗೆ ಅಂಟಿಕೊಂಡು ಯುಟಿಲಿಟಿ ಎಂಬ ಪುಟ್ಟ ಬಾಲ್ಕನಿ ಇರುತ್ತದೆ. ವಾಷಿಂಗ್ ಮೆಷಿನ್, ಪೊರಕೆ, ಹಗ್ಗದ ಮೇಲೆ ಬಟ್ಟೆ, ಮೂಲೆಯಲ್ಲಿ ಕೆಂಪು ಸಿಲಿಂಡರು. ಗೋಡೆ ಕೊರೆದು ತಂದ ತಾಮ್ರದ ಪೈಪು ಒಳಗಿನ ಒಲೆಗೆ. ಸಿಲಿಂಡರು ಹೊರಗಿದೆಯಲ್ಲ ಎಂದು ನಮಗೆ ನೆಮ್ಮದಿ. ನ್ಯೂಯಾರ್ಕಿನ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಹೀಗಿಟ್ಟರೆ ಕಾನೂನುಬಾಹಿರ.

ಅಲ್ಲಿನ ನಿಯಮ ನಿಷ್ಠುರವಾದದ್ದು. ಒಂದೋ ಎರಡೋ ಕುಟುಂಬಗಳ ಮನೆಯಾದರೆ ಅಂಗಳದಲ್ಲಿ 20 ಪೌಂಡಿನ, ಅಂದರೆ ಸುಮಾರು 9 ಕಿಲೋದ, ಎರಡು ಪ್ರೊಪೇನ್ ಸಿಲಿಂಡರುಗಳ ತನಕ ಅವಕಾಶ. ಬಾರ್ಬೆಕ್ಯೂ ಒಲೆಯಿಂದ 10 ಅಡಿಯೊಳಗೆ ಹೊತ್ತಿಕೊಳ್ಳುವಂಥದ್ದೇನೂ ಇರಕೂಡದು. ಮನೆಯೊಳಗೆ, ಬಾಲ್ಕನಿಯಲ್ಲಿ, ತಾರಸಿಯಲ್ಲಿ ಇಂಥ ಸಿಲಿಂಡರು ನಿಷಿದ್ಧ. ವಿನಾಯಿತಿ ಇರುವುದು 16.4 ಔನ್ಸಿನ ಪುಟ್ಟ ಡಬ್ಬಿಗೆ.

ನಮ್ಮಲ್ಲಿ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಂತೆ 100 ಕಿಲೋ ಎಲ್‌ಪಿಜಿ ತನಕ ಪರವಾನಗಿ ಬೇಕಿಲ್ಲ. ಇದು ಬೆಂಗಳೂರಿನ ನಿಯಮವೂ ಅಲ್ಲ, ಇಡೀ ದೇಶದ್ದು.

ಹದಿನೆಂಟು ಕಿಲೋ ಅಲ್ಲಿ, ನೂರು ಇಲ್ಲಿ. ನಾವೇ ಸಡಿಲ ಎಂದು ಷರಾ ಬರೆದುಬಿಡುವುದು ಸುಲಭ. ಆದರೆ ನ್ಯೂಯಾರ್ಕಿನಲ್ಲಿ ಅಡುಗೆಮನೆಯ ಗ್ಯಾಸು ಹೆಚ್ಚಾಗಿ ಬೀದಿಯ ಕೊಳವೆಯಿಂದ ಬರುತ್ತದೆ. ಪ್ರೊಪೇನ್ ರಜೆಯ ದಿನದ ಬಾರ್ಬೆಕ್ಯೂಗೆ. ಇಲ್ಲಿ ಬೆಳಗಿನ ಕಾಫಿಯಿಂದ ರಾತ್ರಿಯ ಸಾರಿನ ತನಕ ಎಲ್ಲಕ್ಕೂ ಅದೇ 14.2 ಕಿಲೋದ ಸಿಲಿಂಡರು. ಅದನ್ನು ಅಂಗಳಕ್ಕೆ ಕಳಿಸಿ ಎನ್ನಲು ಅಂಗಳವಾದರೂ ಎಲ್ಲಿದೆ?

ನನ್ನ ತಕರಾರು ಬೇರೆ. ನ್ಯೂಯಾರ್ಕ್ ಮೊದಲು ಕೇಳುವುದು ‘ಎಲ್ಲಿ?’ ಎಂದು. ನಾವು ಕೇಳುವುದು ‘ಎಷ್ಟು?’ ಎಂದು. ನಲವತ್ತು ಮನೆಗಳ ಕಟ್ಟಡ ತೆಗೆದುಕೊಳ್ಳಿ. ಮನೆಗೆರಡು ಸಿಲಿಂಡರಾದರೆ 1,136 ಕಿಲೋ. ಇಷ್ಟನ್ನು ನೆಲಮಟ್ಟದಲ್ಲಿ ಗ್ಯಾಸ್ ಬ್ಯಾಂಕ್ ಮಾಡಿ ಒಂದೆಡೆ ಇಟ್ಟರೆ ಪರವಾನಗಿ, ಸುರಕ್ಷತಾ ಅಂತರ, ತಪಾಸಣೆ ಎಲ್ಲವೂ ಬೇಕು. ಮಹಡಿ ಮಹಡಿಗೆ ಹಂಚಿಬಿಟ್ಟರೆ ಒಂದು ಕಾಗದವೂ ಬೇಡ, ಪ್ರತಿ ಮನೆಯೂ 28.4 ಕಿಲೋದಲ್ಲಿ ಪಾರು.

ಇನ್ನು ಯುಟಿಲಿಟಿಯ ನೆಲ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಹರಡುತ್ತದೆ. ಸಿಲಿಂಡರಿನ ಪಕ್ಕದಲ್ಲೇ ಮೆಷಿನ್ನಿನ ನೀರು ಹೋಗುವ ತೂತು, ಸ್ವಲ್ಪ ಮೇಲೆ ಮೆಷಿನ್ನಿನ ಸ್ವಿಚ್ಚು. ಗಾಳಿಯಾಡಲಿ ಎಂದು ಇಟ್ಟ ಕಿಂಡಿ ಸೂರಿನ ಹತ್ತಿರ! ಹಗುರವಾದ ಕೊಳವೆ ಗ್ಯಾಸಿಗಾದರೆ ಅದು ಸರಿ. ಬಟ್ಟೆ ಒದ್ದೆಯಾಗದಿರಲೆಂದು ಗಾಜಿನ ಬಾಗಿಲು ಹಾಕಿಸಿಕೊಂಡ ಮೇಲಂತೂ ‘ಹೊರಗೆ’ ಎಂಬ ಮಾತೇ ಉಳಿಯುವುದಿಲ್ಲ.

ನಾನು ಕಂಡ ಕಟ್ಟಡ ನಕ್ಷೆಗಳಲ್ಲಿ ಕಮೋಡಿಗೆ ಚಿಹ್ನೆ ಇದೆ, ಕಾರಿಗೆ ಗೆರೆ ಇದೆ. ಸಿಲಿಂಡರಿಗೆ ಒಂದು ಸೊನ್ನೆಯೂ ಇಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ಕೂರುವವರಿಗೆ ನನ್ನ ವಿನಂತಿ ಇಷ್ಟೇ: ನ್ಯೂಯಾರ್ಕಿನ ಅಂಕಿಗಳನ್ನು ಎರವಲು ತರುವುದು ಬೇಡ, ಅದರ ಪ್ರಶ್ನೆಯನ್ನು ತನ್ನಿ. ಅಡುಗೆಮನೆಯ ನಕ್ಷೆಯಲ್ಲಿ ಸಿಲಿಂಡರಿನ ಜಾಗ, ನೆಲಮಟ್ಟದ ಕಿಂಡಿ ಎರಡನ್ನೂ ಗುರುತಿಸಲೇಬೇಕೆಂಬ ಒಂದು ವಾಕ್ಯದ ಕರಡನ್ನು ಸಂಜೆಯೊಳಗೆ ಬರೆದುಕೊಡಿ.