ಹಾಲಿನ ವಿದ್ಯೆ ಅಚ್ಚಿಗೆ ಬಂದ ಬಗೆ

(ಕೊಡಗಿನ ಹೈನುಗಾರರನ್ನು ಉದ್ದೇಶಿಸಿದ ಭಾಷಣದ ಪಠ್ಯ)

ಡೈರಿಗೆ ಹಾಲು ಹಾಕುವ ಮನೆಯವರೆಲ್ಲರಿಗೂ ಗೊತ್ತಿರುವ ಶಬ್ದವೊಂದಿದೆ: ಫ್ಯಾಟ್. 'ಇವತ್ತು ಫ್ಯಾಟ್ ಬರಲಿಲ್ಲ' ಎಂದರೆ ಆ ದಿನದ ಹಣ ಕಡಿಮೆ ಎಂದು ಅರ್ಥ. ಅದರೊಳಗೆ ಇನ್ನೊಂದು ಅರ್ಥವೂ ಅಡಗಿರುತ್ತದೆ. ನೀರು ಬೆರೆಸಿರಬಹುದೇ ಎಂಬ ಅನುಮಾನ ಅದು. ಕುಶಾಲನಗರದ ಬಯಲಿನಲ್ಲಾಗಲಿ, ಸೋಮವಾರಪೇಟೆಯ ಏರುತಗ್ಗಿನಲ್ಲಾಗಲಿ, ಹೆಣ್ಣುಮಗಳೊಬ್ಬಳು ನಸುಕಿನಲ್ಲೆದ್ದು ಹಿಂಡಿ ತಂದ ಹಾಲಿನ ಮರ್ಯಾದೆ ಬಹುಕಾಲ ಒಂದು ಗಾಜಿನ ಕೊಳವೆಯ ಗೆರೆಯ ಮೇಲೆ ನಿಂತಿತ್ತು. ಈಗ ಅನೇಕ ಸೊಸೈಟಿಗಳಲ್ಲಿ ಕೊಳವೆಯ ಜಾಗಕ್ಕೆ ವಿದ್ಯುತ್ ಯಂತ್ರ ಬಂದಿದೆ. ಆದರೆ ಆ ಯಂತ್ರ ಸರಿಯಾಗಿ ಹೇಳುತ್ತಿದೆಯೇ ಎಂದು ತಾಳೆ ನೋಡುವುದು ಇಂದಿಗೂ ಹಳೆಯ ಕೊಳವೆಯ ಲೆಕ್ಕಕ್ಕೇ.

ಈ ಲೆಕ್ಕ ಬಂದದ್ದು ಎಲ್ಲಿಂದ? ಅಮೆರಿಕದ ವಿಸ್ಕಾನ್ಸಿನ್ ಕೃಷಿ ಪ್ರಯೋಗ ಕೇಂದ್ರದಲ್ಲಿದ್ದ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ರಸಾಯನವಿಜ್ಞಾನಿಯಿಂದ. ಆಗ ಅಲ್ಲಿ ಹಾಲನ್ನು ತೂಕಕ್ಕೆ ಕೊಳ್ಳುತ್ತಿದ್ದರು. ನೀರು ಬೆರೆಸಿದವನಿಗೂ ಕೆನೆ ತೆಗೆದು ತಂದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದರ. ಬ್ಯಾಬ್‌ಕಾಕ್ ಹಾಲಿಗೆ ಗಂಧಕಾಮ್ಲ ಸುರಿದರು. ಆಮ್ಲ ಹಾಲಿನ ಪ್ರೋಟೀನನ್ನು ಕರಗಿಸುತ್ತದೆ, ಕೊಬ್ಬನ್ನು ಮುಟ್ಟುವುದಿಲ್ಲ. ಸೀಸೆಯನ್ನು ಗರಗರನೆ ತಿರುಗಿಸಿದರೆ ಬಿಡುಗಡೆಯಾದ ಕೊಬ್ಬು ಮೇಲೆ ಬಂದು ಸಪೂರ ಕತ್ತಿನಲ್ಲಿ ನಿಲ್ಲುತ್ತದೆ. ಅಲ್ಲಿ ಗೆರೆ ಓದಿದರಾಯಿತು. 1890ರಲ್ಲಿ ಅವರು ಈ ವಿಧಾನವನ್ನು ಪ್ರಯೋಗ ಕೇಂದ್ರದ ಬುಲೆಟಿನ್‌ನಲ್ಲಿ ಅಚ್ಚು ಹಾಕಿಸಿದರು. ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಓದಿದವರು ಯಾರು ಬೇಕಾದರೂ ಮಾಡಿ ನೋಡಬಹುದಾಗಿತ್ತು, ಮಾಡಿಯೂ ನೋಡಿದರು. ಕೆಲವೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಗಂಧಕಾಮ್ಲದ ಜೊತೆಗೆ ಒಂದಿಷ್ಟು ಅಮೈಲ್ ಆಲ್ಕೋಹಾಲ್ ಬಳಸುವ ವಿಧಾನವನ್ನು ರೂಪಿಸಿದರು. ನಮ್ಮ ಸೊಸೈಟಿಗಳಿಗೆ ಬಂದದ್ದು ಈ ಗರ್ಬರ್ ವಿಧಾನ.

ವಿಜ್ಞಾನದಲ್ಲಿ ಪ್ರಕಟಣೆ ಎಂದರೆ ಹೆಸರು ಗಳಿಸುವ ದಾರಿ ಎಂದಷ್ಟೇ ತಿಳಿದವರುಂಟು. ಬ್ಯಾಬ್‌ಕಾಕರ ಬುಲೆಟಿನ್ ಮಾಡಿದ ಕೆಲಸ ಬೇರೆಯದು. ಹಾಲು ಕೊಳ್ಳುವವನ ಕೈಯಲ್ಲಿದ್ದ ಅಳತೆಗೋಲನ್ನು ಅದು ಮಾರುವವನ ಕಣ್ಣೆದುರಿಗೂ ಇಟ್ಟಿತು.

ಭಾರತದಲ್ಲಿ ಹಾಲಿನ ವಿಜ್ಞಾನಕ್ಕೆ ಮೊದಲ ಮನೆ ಸಿಕ್ಕಿದ್ದು ಕೊಡಗಿನಿಂದ ಬಹಳ ದೂರವೇನಲ್ಲ, ಬೆಂಗಳೂರಿನ ಆಡುಗೋಡಿಯಲ್ಲಿ. 1923ರಲ್ಲಿ ಅಲ್ಲಿ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆ ಆರಂಭವಾಯಿತು. 1927ರಲ್ಲಿ ಅನಾರೋಗ್ಯದಿಂದ ಚೇತರಿಸಿಕೊಳ್ಳಲು ನಂದಿಬೆಟ್ಟಕ್ಕೂ ಬೆಂಗಳೂರಿಗೂ ಬಂದಿದ್ದ ಗಾಂಧೀಜಿ ಈ ಸಂಸ್ಥೆಗೆ ಹೋಗಿ ದನ ಸಾಕುವ ವಿದ್ಯೆಯ ಪಾಠ ಹೇಳಿಸಿಕೊಂಡರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಬರಮತಿಯ ರೈತ ಎಂದು ಬರೆದುಕೊಂಡರೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳುವುದುಂಟು. ಮುಂದೆ ಆನಂದದ ಸಹಕಾರಿ ಹಾಲಿನ ಚಳವಳಿಗೆ ಹೆಸರಾದ ವರ್ಗೀಸ್ ಕುರಿಯನ್ ಕೂಡ ಅಮೆರಿಕಕ್ಕೆ ಹೋಗುವ ಮುನ್ನ ಕೆಲವು ತಿಂಗಳು ಇಲ್ಲೇ ತರಬೇತಿಗಿದ್ದರು.

ಸಂಸ್ಥೆ ಹುಟ್ಟಿದರೂ ಇಲ್ಲಿನ ಹಾಲಿನ ಬಗ್ಗೆ ಬರೆದದ್ದನ್ನು ಪ್ರಕಟಿಸಲು ಅದಕ್ಕೇ ಮೀಸಲಾದ ಪತ್ರಿಕೆ ಇರಲಿಲ್ಲ. ಪಶುವೈದ್ಯರ ಪತ್ರಿಕೆಯಲ್ಲೊಂದು, ರಸಾಯನಶಾಸ್ತ್ರಜ್ಞರ ಪತ್ರಿಕೆಯಲ್ಲೊಂದು, ಇಂಗ್ಲೆಂಡಿನ ಪತ್ರಿಕೆಯಲ್ಲಿ ಮತ್ತೊಂದು, ಹೀಗೆ ಲೇಖನಗಳು ಚೆದುರಿಹೋಗಿದ್ದವು. 1937ರಲ್ಲಿ ಸ್ಕಾಟ್ಲೆಂಡಿನ ತಜ್ಞ ನಾರ್ಮನ್ ರೈಟ್ ದೇಶದ ದನ ಮತ್ತು ಹೈನಿನ ಉದ್ಯಮದ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟರು. 1940ರಲ್ಲಿ ಡಬ್ಲ್ಯು.ಎಲ್. ಡೇವಿಸ್ ನಮ್ಮ ತುಪ್ಪ, ಖೋವಾ, ಮೊಸರುಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಭಾರತೀಯ ಹೈನು ವಿಜ್ಞಾನ ಸಂಘ ಬೆಂಗಳೂರಿನಲ್ಲಿ ಹುಟ್ಟಿ, ಇಂಡಿಯನ್ ಜರ್ನಲ್ ಆಫ್ ಡೈರಿ ಸೈನ್ಸ್ ಎಂಬ ಪತ್ರಿಕೆ ಹೊರಬಂದದ್ದು 1948ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ. ಅಮೆರಿಕದವರಿಗೆ ಇಂಥ ಪತ್ರಿಕೆ 1917ರಿಂದಲೂ, ಇಂಗ್ಲೆಂಡಿಗೆ 1929ರಿಂದಲೂ ಇತ್ತು.

ಬೇರೆ ದೇಶದ ಪತ್ರಿಕೆಗಳಿರುವಾಗ ನಮ್ಮದೇ ಯಾಕೆ ಬೇಕು, ಹಾಲು ಎಲ್ಲೆಡೆ ಹಾಲೇ ತಾನೇ ಎಂದು ಕೇಳಬಹುದು. ತುಪ್ಪದ ಕಥೆ ಕೇಳಿದರೆ ಉತ್ತರ ಸಿಗುತ್ತದೆ.

ಬೆಣ್ಣೆಯ ಕೊಬ್ಬಿನಲ್ಲಿ ಬೇರೆ ಕೊಬ್ಬುಗಳಲ್ಲಿ ಕಾಣದ ಒಂದು ವಿಶೇಷವಿದೆ. ಕಾಯಿಸಿದರೆ ಆವಿಯಾಗಿ ಬರುವ, ನೀರಿನಲ್ಲಿ ಕರಗುವ ಬ್ಯುಟಿರಿಕ್‌ನಂಥ ಆಮ್ಲಗಳು ಅದರಲ್ಲಿ ಹೆಚ್ಚು. ಯೂರೋಪಿನ ರಸಾಯನವಿಜ್ಞಾನಿಗಳು 1879ರ ಹೊತ್ತಿಗೆ ಐದು ಗ್ರಾಂ ಕೊಬ್ಬಿನಿಂದ ಈ ಆಮ್ಲಗಳನ್ನು ಬಟ್ಟಿಯಿಳಿಸಿ, ಅವನ್ನು ತಟಸ್ಥಗೊಳಿಸಲು ಎಷ್ಟು ಕ್ಷಾರ ಬೇಕು ಎಂದು ಅಳೆಯುವ ವಿಧಾನ ಕಂಡುಹಿಡಿದರು. ಹಾಗೆ ಬರುವ ಅಂಕಿಗೆ ರೈಕರ್ಟ್ ಮೈಸಲ್ ಮೌಲ್ಯ ಎಂದು ಹೆಸರು. ಅಂಕಿ ಕಡಿಮೆಯಾದರೆ ಬೆಣ್ಣೆಗೆ ಬೇರೆ ಕೊಬ್ಬು ಬೆರೆತಿದೆ ಎಂದು ತೀರ್ಮಾನ. ಯೂರೋಪಿನ ಹಸುಗಳ ಮಟ್ಟಿಗೆ ಈ ತೀರ್ಮಾನ ಬಹುಪಾಲು ಸರಿಯೇ ಇತ್ತು.

ಆದರೆ ಹತ್ತಿಬೀಜ ತಿನ್ನುವ ಎಮ್ಮೆ ಅವರ ಪುಸ್ತಕದಲ್ಲಿ ಇರಲಿಲ್ಲ. ಹತ್ತಿಬೀಜ ಮೇವಾಗಿ ಹೋದರೆ ಹಾಲಿನ ಕೊಬ್ಬು ಗಟ್ಟಿಯಾಗುತ್ತದೆ, ಈ ಅಂಕಿ ಇಳಿಯುತ್ತದೆ. ಹತ್ತಿ ಬೆಳೆಯುವ ಸೀಮೆಯ ಅಪ್ಪಟ ತುಪ್ಪ ಪರೀಕ್ಷಾಲಯಕ್ಕೆ ಬಂದರೆ ಕಲಬೆರಕೆಯದೆಂಬಂತೆ ಕಾಣುತ್ತಿತ್ತು. ತಪ್ಪು ಮಾಡದವನು ಕಟಕಟೆಯಲ್ಲಿ ನಿಲ್ಲುವ ಪರಿಸ್ಥಿತಿ. ಅವನ ಪರವಾಗಿ ಸಾಕ್ಷಿ ಹೇಳಬಹುದಾಗಿದ್ದದ್ದು ಇಲ್ಲಿನ ದನ, ಇಲ್ಲಿನ ಮೇವು, ಇಲ್ಲಿನ ತುಪ್ಪವನ್ನು ಅಳೆದು ಅಚ್ಚು ಹಾಕಿಸಿದ ಕೋಷ್ಟಕಗಳು ಮಾತ್ರ. ಅಂಥ ಕೋಷ್ಟಕಗಳು ಸಾಕಷ್ಟು ಸೇರಿದ ಮೇಲೆಯೇ ಆಹಾರ ಕಲಬೆರಕೆ ತಡೆ ನಿಯಮಗಳಲ್ಲಿ ಸೀಮೆಗೊಂದು ಅಂಕಿ ಬಂತು. ಉತ್ತರದ ಹಲವು ರಾಜ್ಯಗಳಿಗೆ 28, ಗುಜರಾತಿನ ಹತ್ತಿ ಸೀಮೆಗೆ 21. ಕರ್ನಾಟಕದೊಳಗೇ ಬೆಳಗಾವಿ ಜಿಲ್ಲೆಗೆ ಒಂದು, ಉಳಿದ ಕಡೆಗೆ ಇನ್ನೊಂದು.

ಈ ಹಾಲುಕೊಬ್ಬಿನ ವಿಷಯದಲ್ಲಿ ಕೊಡಗಿನವರು ತಮ್ಮವರೆಂದು ಹೇಳಿಕೊಳ್ಳಬಹುದಾದ ಹೆಸರೊಂದಿದೆ: ಕೆ.ಟಿ. ಅಚ್ಚಯ್ಯ. ಇಂಗ್ಲಿಷಿನಲ್ಲಿ ಅವರ ಹೆಸರನ್ನು ಅಚಯ ಎಂದು ಬರೆಯುತ್ತಿದ್ದುದರಿಂದ ಅವರು ಎಲ್ಲಿಯವರೆಂಬುದೇ ಅನೇಕರಿಗೆ ಹೊಳೆಯುವುದಿಲ್ಲ. ಕೊಡವ ಮನೆತನದ ಅವರು ಹುಟ್ಟಿದ್ದು 1923ರ ಅಕ್ಟೋಬರ್ 6ರಂದು ಕೊಳ್ಳೇಗಾಲದಲ್ಲಿ. ತಂದೆ ಅಲ್ಲಿನ ಸರ್ಕಾರಿ ರೇಷ್ಮೆ ಕೆಲಸದಲ್ಲಿದ್ದರು. ಇಂದು ಓದುಗರು ಅವರನ್ನು ನೆನೆಯುವುದು ಭಾರತದ ಆಹಾರದ ಇತಿಹಾಸ ಬರೆದವರೆಂದು. ಇಂಡಿಯನ್ ಫುಡ್ ಎಂಬ ಆ ಹೊತ್ತಗೆ ಬಂದದ್ದು 1994ರಲ್ಲಿ, ಅವರ ಎಪ್ಪತ್ತರ ವಯಸ್ಸಿನಲ್ಲಿ. ಇಪ್ಪತ್ತರ ಹರೆಯದಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಳೆಯುತ್ತಿದ್ದದ್ದು ಹಸು ಮತ್ತು ಎಮ್ಮೆಯ ಹಾಲುಕೊಬ್ಬನ್ನು. ಅಲ್ಲಿಂದ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋಗಿ, ಜಗತ್ತಿನ ನಾನಾ ಕೊಬ್ಬುಗಳ ರಚನೆಯನ್ನು ಬಿಡಿಸಿಟ್ಟ ಹಿಲ್ಡಿಚ್ ಅವರ ಬಳಿ ಡಾಕ್ಟರೇಟ್ ಮಾಡಿದರು. ಗುರು ಶಿಷ್ಯರಿಬ್ಬರೂ ಸೇರಿ ಭಾರತದ ಹಸು, ಎಮ್ಮೆಗಳ ಹಾಲುಕೊಬ್ಬಿನ ಘಟಕಗಳ ಬಗ್ಗೆ ಬರೆದ ಲೇಖನ 1950ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಅಚ್ಚಾಯಿತು. ನ್ಯೂಟನ್ನನ ಕಾಲದಿಂದ ನಡೆದುಬಂದ ಆ ಸಂಸ್ಥೆಯ ಪುಟಗಳಲ್ಲಿ ನಮ್ಮ ಹಟ್ಟಿಯ ಎಮ್ಮೆಗೆ ಜಾಗ ಸಿಕ್ಕಿತು ಎಂದರೆ ಸಣ್ಣ ಮಾತಲ್ಲ.

ಅಚ್ಚಯ್ಯನವರ ಇನ್ನೊಂದು ಕೆಲಸ ಕೆ.ಎಸ್. ರಂಗಪ್ಪನವರ ಜೊತೆ ಬರೆದ ಭಾರತೀಯ ಹಾಲಿನ ಉತ್ಪನ್ನಗಳ ಪುಸ್ತಕ. 1948ರಲ್ಲೊಮ್ಮೆ ಬಂದ ಅದು 1974ರಲ್ಲಿ ಇಂಡಿಯನ್ ಡೈರಿ ಪ್ರಾಡಕ್ಟ್ಸ್ ಎಂಬ ಹೆಸರಿನಲ್ಲಿ ಮತ್ತೆ ಹೊರಬಂತು. ಹಾಲು ಕಾಯಿಸುವುದು, ಹೆಪ್ಪು ಹಾಕುವುದು, ಕಡೆಯುವುದು, ತುಪ್ಪ ಕಾಯಿಸುವುದು, ಇವೆಲ್ಲ ನಮ್ಮ ಅಡುಗೆಮನೆಗಳಲ್ಲಿ ತಾಯಿಯಿಂದ ಮಗಳಿಗೆ ಬಂದ ವಿದ್ಯೆಗಳು. ಅವನ್ನು ಉಷ್ಣತೆ, ಆಮ್ಲತೆ, ಸಮಯಗಳ ಭಾಷೆಯಲ್ಲಿ ಬರೆದಿಟ್ಟ ಮೇಲೆ ಕಾರ್ಖಾನೆಯಲ್ಲೂ ಅವನ್ನು ಮಾಡುವುದು ಸಾಧ್ಯವಾಯಿತು. ಅಚ್ಚಯ್ಯ 2002ರಲ್ಲಿ ತೀರಿಕೊಂಡರು.

1955ನೇ ಇಸವಿ ಬಂದಾಗ ಮೂರು ಕಡೆ ಮೂರು ಸಂಗತಿ ನಡೆದವು. ಬೆಂಗಳೂರಿನ ಹೈನು ಸಂಶೋಧನಾ ಸಂಸ್ಥೆಯ ಮುಖ್ಯ ಕೇಂದ್ರ ದೂರದ ಕರ್ನಾಲಿಗೆ ಹೋಯಿತು. ಇಲ್ಲಿ ಉಳಿದದ್ದು ದಕ್ಷಿಣ ಪ್ರಾದೇಶಿಕ ಕೇಂದ್ರ. ಗುಜರಾತಿನ ಆನಂದದಲ್ಲಿ ಹಾಲಿನ ಪುಡಿಯ ಕಾರ್ಖಾನೆ ಆರಂಭವಾಯಿತು. ಕಾವೇರಿಗೆ ಹಾರಂಗಿ ಸೇರುವ ನಮ್ಮ ಕೂಡಿಗೆಯಲ್ಲಿ ಒಂದು ಡೈರಿ ಹುಟ್ಟಿತು. ಕೊಡಗು ಆಗ ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದ ಪ್ರತ್ಯೇಕ ರಾಜ್ಯ. ಮೈಸೂರಿನೊಡನೆ ವಿಲೀನವಾದದ್ದು 1956ರ ನವೆಂಬರ್ 1ರಂದು. ಇಂದಿಗೂ ಕರ್ನಾಟಕದ ಸಹಕಾರಿ ಹೈನುಗಾರಿಕೆಯ ಕಥೆಯನ್ನು ಕೂಡಿಗೆಯಿಂದಲೇ ಆರಂಭಿಸುತ್ತಾರೆ. ವಿಶ್ವಬ್ಯಾಂಕಿನ ನೆರವಿನ ಯೋಜನೆ ಬಂದದ್ದು ಇದಾದ ಎಷ್ಟೋ ವರ್ಷಗಳ ನಂತರ, 1974ರಲ್ಲಿ. ಹಾಲು ಹೆಚ್ಚಿಲ್ಲದ, ಮಳೆ ಹೆಚ್ಚಿರುವ ಪುಟ್ಟ ನಾಡಿಗೆ ಈ ಮೊದಲ ಸ್ಥಾನ ಸಿಕ್ಕಿತೆಂಬುದು ಸೋಜಿಗವೇ ಸರಿ.

ಆನಂದದ ಕಾರ್ಖಾನೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಎಮ್ಮೆಯ ಹಾಲನ್ನು ಸಿಂಪಡಿಸಿ ಒಣಗಿಸಿ ಪುಡಿ ಮಾಡಲು ಆಗದು ಎಂದು ಹೊರದೇಶದ ಪರಿಣತರು ಸಾರಿದ್ದರು. ಅಲ್ಲಿ ಹಸುವಿನ ಹಾಲಷ್ಟೇ ಬಳಕೆಯಲ್ಲಿದ್ದುದರಿಂದ ಅವರು ನೋಡಿದ್ದು ಅದನ್ನೇ. ಹರಿಚಂದ್ ದಲಾಯ ಎಂಬ ತಂತ್ರಜ್ಞರು ಬಣ್ಣ ಸಿಂಪಡಿಸುವ ಪಿಚಕಾರಿ ಮತ್ತು ಬಿಸಿಗಾಳಿ ಊದುವ ಸಾಧನ ಇಟ್ಟುಕೊಂಡು ಆಗುತ್ತದೆ ಎಂದು ಮಾಡಿ ತೋರಿಸಿದರು. ಆನಂದ ಗೆದ್ದದ್ದು ಪುಡಿಯನ್ನು ತೋರಿಸಿ, ಲೇಖನವನ್ನಲ್ಲ.

ಮೈಸೂರಿನದು ಬೇರೆ ದಾರಿ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಎಮ್ಮೆ ಹಾಲಿನಿಂದ ಎಳೆಮಕ್ಕಳ ಆಹಾರ ಮಾಡಲು ಹೊರಟರು. ಎಮ್ಮೆ ಹಾಲಿನಲ್ಲಿ ಕೊಬ್ಬು ಸುಮಾರು ಶೇಕಡ 7, ಹಸುವಿನದರಲ್ಲಿ 4ರ ಆಸುಪಾಸು. ಅದಕ್ಕಿಂತ ದೊಡ್ಡ ತೊಡಕು, ಅದು ಮಗುವಿನ ಹೊಟ್ಟೆಯಲ್ಲಿ ಒಡೆದಾಗ ಗಟ್ಟಿ ಗರಣೆಯಾಗುವುದು. ಕೊಬ್ಬು ತಗ್ಗಿಸಿ, ಲವಣಗಳ ಸಮತೋಲ ಬದಲಿಸಿ, ಗರಣೆ ಮೃದುವಾಗುವಂತೆ ಮಾಡಿದರು. ಕೆಲಸದ ವಿವರ 1950ರ ದಶಕದಲ್ಲೇ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. 1960ರಲ್ಲಿ ಆನಂದದಲ್ಲಿ ಉತ್ಪಾದನೆ ಆರಂಭವಾಯಿತು. ಅಲ್ಲಿಯವರೆಗೆ ಶಿಶು ಆಹಾರದ ಡಬ್ಬಿ ಹೆಚ್ಚಾಗಿ ಹಡಗಿನಲ್ಲಿ ಬರುತ್ತಿತ್ತು. ಈ ಡಬ್ಬಿ ಮೈಸೂರಿನ ಲೇಖನವೊಂದರ ಕೂಸು.

ಇನ್ನು ಲೇಖನ ಅಚ್ಚಾಗುವ ಬಗೆ. ಬರೆದದ್ದನ್ನು ಸಂಪಾದಕರು ಅದೇ ವಿಷಯ ಬಲ್ಲ ಒಬ್ಬಿಬ್ಬರಿಗೆ ಕಳುಹಿಸುತ್ತಾರೆ. ಅವರು ಕೇಳುವ ಪ್ರಶ್ನೆಗಳು ಹೈನುಗಾರರಿಗೆ ಹೊಸವೇನಲ್ಲ. ಎಷ್ಟು ಹಸುಗಳ ಹಾಲು? ಬೆಳಗಿನದೋ ಸಂಜೆಯದೋ? ಕೆಚ್ಚಲಿನ ಮೊದಲ ಹಾಲಿಗೂ ಕೊನೆಯಲ್ಲಿ ಸೋರಿಸಿದ ಹಾಲಿಗೂ ಕೊಬ್ಬಿನಲ್ಲಿ ಅಜಗಜಾಂತರ. ಪೂರ್ತಿ ಕರೆದು ಬೆರೆಸಿದಿರೋ? ಕರು ಹಾಕಿ ಎಷ್ಟು ತಿಂಗಳು? ಉತ್ತರವಿಲ್ಲದಿದ್ದರೆ ಲೇಖನ ವಾಪಸು. ಕಟ್ಟುನಿಟ್ಟು ಬೇಕಾದದ್ದೇ. ಆದರೆ ವಿಶೇಷವೇನೂ ಕಾಣಲಿಲ್ಲ ಎಂದು ಹೇಳುವ ಲೇಖನಕ್ಕೆ ಎಲ್ಲ ದೇಶದ ಪತ್ರಿಕೆಗಳಲ್ಲೂ ಜಾಗ ಕಡಿಮೆ. ಬಡ ದನದ ಬಗ್ಗೆ ಬರೆದದ್ದಕ್ಕೂ ಅಷ್ಟೇ.

ಕೊಡಗಿನ ಹಟ್ಟಿಗಳಲ್ಲಿದ್ದ ಗಿಡ್ಡ ದನಕ್ಕೆ ಆದದ್ದು ಅದೇ. ಜಡಿಮಳೆಯಲ್ಲಿ ಕಾಡಂಚಿನಲ್ಲಿ ಮೇದು, ದೊಡ್ಡ ಖರ್ಚಿಲ್ಲದೆ ಬದುಕಿ, ಗದ್ದೆಗೆ ಗೊಬ್ಬರ ಕೊಟ್ಟು, ಮನೆಮಟ್ಟಿಗೆ ಹಾಲು ಕೊಡುತ್ತಿದ್ದ ದನ ಅದು. ಸರ್ಕಾರಿ ದಾಖಲೆಗಳಲ್ಲಿ ಅದಕ್ಕೆ ತಳಿಯ ಹೆಸರೂ ಇರಲಿಲ್ಲ. ನಿರ್ದಿಷ್ಟ ತಳಿಯಲ್ಲದ್ದು ಎಂಬ ಕಾಲಂನಲ್ಲಿ ಬಿದ್ದಿತ್ತು. ಜರ್ಸಿ ಮತ್ತು ಹೋಲ್ಸ್ಟೀನ್ ಮಿಶ್ರತಳಿಗಳು ಬಂದಾಗ, ಇದ್ದ ದನದ ಗುಣವೇನು, ಹೋಗುತ್ತಿರುವುದೇನು ಎಂದು ತೂಗಿ ನೋಡಲು ಕೈಯಲ್ಲಿ ಅಂಕಿಗಳೇ ಸಾಲದಾಗಿದ್ದವು. ಮಿಶ್ರತಳಿಯಿಂದ ಹಾಲು ಹೆಚ್ಚಿತು, ಮನೆಗಳಿಗೆ ದುಡ್ಡು ಬಂತು; ಅದನ್ನು ಅಲ್ಲಗಳೆಯುವಂತಿಲ್ಲ. ಮಲೆನಾಡು ಗಿಡ್ಡವನ್ನು ಅಳೆದು ತೂಗಿ ಬರೆದ ಮೇಲೆ 2012ರಲ್ಲಿ ಅದು ಕರ್ನಾಲಿನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆಯ ಪಟ್ಟಿಯಲ್ಲಿ ಒಂದು ತಳಿಯಾಗಿ ಸೇರಿತು. ಅಷ್ಟರಲ್ಲಿ ಎಷ್ಟೋ ಹಟ್ಟಿಗಳಲ್ಲಿ ಅದು ಇರಲಿಲ್ಲ.

ಈಗ ಮತ್ತೆ ಸೊಸೈಟಿಯ ಕೊಳವೆಯ ಮಾತು. ಹಸುವಿನ ಹಾಲಿನಲ್ಲಿ ಕನಿಷ್ಠ ಇಷ್ಟು ಕೊಬ್ಬು, ಕೊಬ್ಬು ಬಿಟ್ಟು ಉಳಿದ ಘನಾಂಶ ಇಷ್ಟು ಇರಬೇಕೆಂಬ ನಿಯಮವಿದೆ. ಕರ್ನಾಟಕಕ್ಕೆ ಹಿಂದೆ ಅದು ಶೇಕಡ 3.5 ಮತ್ತು 8.5 ಇತ್ತು; ಈಗ ದೇಶಕ್ಕೆಲ್ಲ 3.2 ಮತ್ತು 8.3. ಅಂಕಿ ಹೀಗೆ ಇಳಿಯಬಲ್ಲದು ಎಂಬುದನ್ನು ಗಮನಿಸಿ. ಆಷಾಢದ ಮಳೆಯಲ್ಲಿ ಕೊಡಗಿನ ಹುಲ್ಲು ಎಳಸು, ನೀರು ಹೆಚ್ಚು, ನಾರು ಕಡಿಮೆ. ಒಣಹುಲ್ಲು ತೇವ ಹಿಡಿದು ಬೂಷ್ಟು ಬಂದಿರುತ್ತದೆ. ನಾರು ಕಡಿಮೆಯಾದರೆ ಹಸುವಿನ ಹೊಟ್ಟೆಯಲ್ಲಿ ಹಾಲುಕೊಬ್ಬಿಗೆ ಬೇಕಾದ ಅಸಿಟಿಕ್ ಆಮ್ಲ ಕಡಿಮೆಯಾಗುತ್ತದೆ, ಫ್ಯಾಟ್ ಇಳಿಯುತ್ತದೆ. ಹೋಲ್ಸ್ಟೀನ್ ರಕ್ತ ಹೆಚ್ಚಿದ್ದರೆ ಇನ್ನೂ ಇಳಿಯುತ್ತದೆ. ಒಂದು ತೊಟ್ಟು ನೀರು ಬೆರೆಸದ ಮನೆಯ ಹಾಲೂ ಆಗ ಗೆರೆಯ ಕೆಳಗೆ ಬರಬಹುದು. ಹತ್ತಿ ಸೀಮೆಯ ತುಪ್ಪದವನ ಪರವಾಗಿ ಸಾಕ್ಷಿ ಹೇಳಿದಂಥ ಕೋಷ್ಟಕ ಇಲ್ಲಿಗೂ ಬೇಕೆಂದರೆ ಬೇಕಾದದ್ದು ದೊಡ್ಡ ಪ್ರಯೋಗಾಲಯವಲ್ಲ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ನೂರಿನ್ನೂರು ಹಸುಗಳ ಹಾಲು, ಹನ್ನೆರಡು ತಿಂಗಳು, ಎರಡು ಹೊತ್ತು. ಜೊತೆಗೆ ಮೇವಿನ ವಿವರ, ಮಳೆಯ ಅಳತೆ, ಕರು ಹಾಕಿದ ದಿನ. ಇಷ್ಟನ್ನು ಸೊಸೈಟಿಯ ಕಾರ್ಯದರ್ಶಿಯ ಪುಸ್ತಕದಲ್ಲೇ ಬರೆಯಲು ಶುರುಮಾಡಬಹುದು.